ಶೆಲ್ಟರ್ ಕೆಲಸವೋ, ಮನೆಯಲ್ಲಿ ಫಾಸ್ಟರೋ? ನಾಯಿಗಳಿಗೆ ನೆರವಾಗಲು ಹೊರಟವರಿಗೆ

"ಭಾನುವಾರ ಶೆಲ್ಟರ್‌ಗೆ ಹೋಗಿ ಕೆಲಸ ಮಾಡಲಾ, ಇಲ್ಲ ಒಂದು ಮರಿಯನ್ನು ಮನೆಗೆ ತಂದು ಸ್ವಲ್ಪ ದಿನ ಸಾಕಲಾ?" ನಾಯಿ ಅಂದರೆ ಜೀವ ಬಿಡುವ ಗೆಳೆಯರು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಫಾಸ್ಟರ್ ಮಾಡುವುದೇ, ಅಂದರೆ ಕಾಯಂ ಮನೆ ಸಿಗುವವರೆಗೆ ನಾಯಿಯನ್ನು ನಮ್ಮ ಮನೆಯಲ್ಲಿ ಸಾಕುವುದೇ ದೊಡ್ಡ ಸೇವೆ, ದಿಕ್ಕಿಲ್ಲದ ನಾಯಿಗಳನ್ನು ನೋಡಿಕೊಳ್ಳುವ ಶೆಲ್ಟರ್‌ನ ಕೆಲಸ ಅದಕ್ಕಿಂತ ಕೆಳಗಿನದು ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ನಾನು ಹಾಗೆ ನೋಡುವುದಿಲ್ಲ. ಕೆಲವು ನಾಯಿಗಳಿಗೆ ಮನೆಯೇ ಬೇಕು. ಇನ್ನು ಕೆಲವನ್ನು ಮನೆಯೊಳಗೆ ಕಟ್ಟಿಹಾಕಿದರೆ ನರಳುತ್ತವೆ. ಹಾಗಾಗಿ ಮೊದಲು ನಾಯಿಯನ್ನು ನೋಡಬೇಕು, ಆಮೇಲೆ ನಮ್ಮ ಮನೆಯನ್ನು. ಎರಡೂ ಹೊಂದಿದರೆ ಮಾತ್ರ ಫಾಸ್ಟರ್. ಹೊಂದದಿದ್ದರೆ ಶೆಲ್ಟರ್‌ನಲ್ಲೋ ಬೀದಿಯಲ್ಲೋ ಮಾಡುವ ಕೆಲಸ ಬೇಕಾದಷ್ಟಿದೆ.

ಬೆಂಗಳೂರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಮೈಸೂರು, ಮಂಗಳೂರು, ಹುಬ್ಬಳ್ಳಿ ಕಡೆಯವರಿಗೂ ಬಹುಪಾಲು ಹೊಂದುತ್ತದೆ.

ಯಾವ ನಾಯಿಗೆ ಮನೆ ಬೇಕು

2019ರ ಎಣಿಕೆಯಲ್ಲಿ ಬೆಂಗಳೂರಿನ ಬೀದಿ ನಾಯಿಗಳು ಸುಮಾರು 3.10 ಲಕ್ಷ ಇದ್ದವು. 2023ರಲ್ಲಿ ಬಿಬಿಎಂಪಿ ಮತ್ತೆ ಎಣಿಸಿದಾಗ ಸುಮಾರು 2.79 ಲಕ್ಷಕ್ಕೆ ಇಳಿದಿತ್ತು. ಇಷ್ಟು ನಾಯಿಗಳಿಗೆ ಮನೆ ಹುಡುಕಲು ಯಾರಿಂದಲೂ ಆಗುವುದಿಲ್ಲ. ಹುಡುಕಬೇಕಾಗಿಯೂ ಇಲ್ಲ. ಬೀದಿಯಲ್ಲೇ ಹುಟ್ಟಿ ಬೆಳೆದ ದೊಡ್ಡ ನಾಯಿಗೆ ತನ್ನ ಬೀದಿ ಚೆನ್ನಾಗಿ ಗೊತ್ತು. ಬೆಳಿಗ್ಗೆ ಬನ್ ಹಾಕುವ ಬೇಕರಿಯ ಅಣ್ಣ, ರಾತ್ರಿ ಅನ್ನ ಹಾಕುವ ಅಕ್ಕ, ಮಳೆ ಬಂದರೆ ನುಗ್ಗುವ ಪಾರ್ಕಿಂಗ್ ಜಾಗ, ಜೊತೆಗಿನ ನಾಯಿಗಳು. ಅಂಥ ನಾಯಿಯನ್ನು ಅಯ್ಯೋ ಪಾಪ ಅಂತ ಎತ್ತಿಕೊಂಡು ಬಂದು ಮೂರನೇ ಮಹಡಿಯ ಫ್ಲ್ಯಾಟಿನಲ್ಲಿಟ್ಟರೆ ಅದು ಊಟ ಬಿಡುತ್ತದೆ, ಬಾಗಿಲು ಕೆರೆಯುತ್ತದೆ, ಮೂಲೆಯಲ್ಲಿ ಮುದುರಿ ಕೂರುತ್ತದೆ.

2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳೂ ಇದನ್ನೇ ಹೇಳುತ್ತವೆ: ಹಿಡಿದ ನಾಯಿಗೆ ಸಂತಾನಹರಣ ಆಪರೇಷನ್ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಬೇಕು. ರೇಬೀಸ್ ಇರುವ, ಅದರ ಅನುಮಾನ ಇರುವ, ಮೈಮೇಲೆ ಬೀಳುವ ನಾಯಿಗಳನ್ನು ಬಿಟ್ಟು ಉಳಿದವನ್ನು ಅದೇ ಜಾಗಕ್ಕೆ ವಾಪಸ್ ಬಿಡಿ ಅಂತ ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು ಹೇಳಿತು. ನವೆಂಬರ್ 7ರ ಆದೇಶ ಇದಕ್ಕೆ ಒಂದು ದೊಡ್ಡ ಬದಲಾವಣೆ ತಂದಿತು. ಶಾಲೆ, ಕಾಲೇಜು, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಲ್ಲಿರುವ ನಾಯಿಗಳನ್ನು ಶೆಲ್ಟರ್‌ಗೆ ಒಯ್ಯಬೇಕು, ಅದೇ ಜಾಗಕ್ಕೆ ಮರಳಿ ಬಿಡಬಾರದು ಅಂತ. ಇಂಥ ನಾಯಿಗಳು ಬಹುಪಾಲು ದೊಡ್ಡವು, ಮನುಷ್ಯರ ಮನೆ ನೋಡದವು. ಅವಕ್ಕೆ ಫಾಸ್ಟರ್ ಮನೆ ಸಿಗುವುದು ಕಷ್ಟ. ಅವುಗಳ ದಿನ ಚೆನ್ನಾಗಿರಬೇಕು ಅಂದರೆ ಶೆಲ್ಟರ್‌ನೊಳಗೆ ಕೈಗಳು ಬೇಕು. ಫಾಸ್ಟರ್ ಮಾಡಲು ಆಗದವರು ಬೇಜಾರು ಮಾಡಿಕೊಳ್ಳಬೇಕಿಲ್ಲ ಅಂತ ನಾನು ಹೇಳುವುದು ಇದಕ್ಕೇ.

ಹಾಗಾದರೆ ಮನೆ ಬೇಕಾದವು ಯಾವುವು? ತಾಯಿ ಕಳೆದುಕೊಂಡ ಮರಿಗಳಿಗೆ ಎಲ್ಲಕ್ಕಿಂತ ಮೊದಲು ಬೇಕು. ಆಮೇಲೆ ಮಾಲೀಕರು ಬಿಟ್ಟುಹೋದ ಜಾತಿ ನಾಯಿಗಳು. ಆಪರೇಷನ್ ಆಗಿ ವಾರಗಟ್ಟಲೆ ಮದ್ದು ಬೇಕಾದವು. ಕಣ್ಣು ಮಂಜಾದ, ಕಾಲು ಎಳೆಯುವ ಮುದಿ ನಾಯಿಗಳು. ಈ ನಾಲ್ಕು ಬಗೆಯ ನಾಯಿಗಳು ಕೆನೆಲ್‌ನಲ್ಲಿ, ಅಂದರೆ ಶೆಲ್ಟರ್‌ನ ನಾಯಿಗೂಡಿನಲ್ಲಿ, ಇದ್ದಷ್ಟು ದಿನ ಸೊರಗುತ್ತವೆ. ಅದರಲ್ಲೂ ಮರಿಗಳ ಜೀವಕ್ಕೇ ಅಪಾಯ. ಅದರ ಬಗ್ಗೆ ಮುಂದೆ ಬರೆಯುತ್ತೇನೆ.

ಶೆಲ್ಟರ್ ಕೆಲಸ ಅಂದರೆ ಏನು

ಮರಿಗಳ ಜೊತೆ ಆಡಿ, ನಾಲ್ಕು ಫೋಟೋ ತೆಗೆದು ಬರುವುದು ಅಂತ ಅಂದುಕೊಂಡು ಹೋದರೆ ಮೊದಲ ದಿನವೇ ನಿರಾಸೆ ಆಗುತ್ತದೆ. ಅಲ್ಲಿನ ಕೆಲಸ ಶುರುವಾಗುವುದು ಕೆನೆಲ್ ತೊಳೆಯುವುದರಿಂದ. ರಾತ್ರಿಯ ಗಲೀಜು ತೆಗೆಯಬೇಕು, ತಟ್ಟೆ ಉಜ್ಜಬೇಕು, ಹಾಸಿದ ಬಟ್ಟೆ ಒಗೆದು ಒಣಗಿಸಬೇಕು, ಅನ್ನ ಬಡಿಸಬೇಕು, ಉಣ್ಣಿ ಕೀಳಬೇಕು. ಇದೆಲ್ಲ ಆದಮೇಲೆ ವಾಕಿಂಗ್. ಮನುಷ್ಯರನ್ನು ಕಂಡರೆ ನಡುಗುವ ನಾಯಿ ಇದ್ದರೆ ಅದರ ಕೆನೆಲ್‌ನಲ್ಲಿ ಬೆನ್ನು ತಿರುಗಿಸಿ ಸುಮ್ನೆ ಕೂತುಕೊಳ್ಳುವುದೂ ಒಂದು ಕೆಲಸ. ಮುಟ್ಟುವುದಿಲ್ಲ, ಮಾತಾಡಿಸುವುದಿಲ್ಲ. ನೋಡುವವರಿಗೆ ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ. ಆದರೆ ಅದೇ ವ್ಯಕ್ತಿ ವಾರ ವಾರ ಬಂದು ಕೂತರೆ ಆ ನಾಯಿ ಒಂದು ದಿನ ಹತ್ತಿರ ಬಂದು ಮೂಸುತ್ತದೆ. ಯಾರಾದರೂ ಅದನ್ನು ಮನೆಗೆ ಒಯ್ಯುವ ದಾರಿ ಅಲ್ಲಿಂದ ತೆರೆಯುತ್ತದೆ.

ವಾರ ವಾರ ಅನ್ನುವುದೇ ಇಲ್ಲಿ ಮುಖ್ಯ. ತಿಂಗಳಿಗೊಮ್ಮೆ ಹತ್ತು ಜನ ಗುಂಪಾಗಿ ಹೋಗಿ ಗದ್ದಲ ಮಾಡುವುದಕ್ಕಿಂತ ಪ್ರತಿ ಬುಧವಾರ ಎರಡು ಗಂಟೆ ಒಬ್ಬರೇ ಹೋಗುವುದು ಎಷ್ಟೋ ಮೇಲು. ಶನಿವಾರ, ಭಾನುವಾರ ಜನ ಬರುತ್ತಾರೆ. ಕೆಲಸದ ದಿನಗಳಲ್ಲಿ ಅಲ್ಲಿನ ಸಿಬ್ಬಂದಿ ಒದ್ದಾಡುತ್ತಾರೆ. ರಾತ್ರಿ ಪಾಳಿ ಮಾಡುವವರು, ನಿವೃತ್ತರು, ಕಾಲೇಜು ಹುಡುಗರು ವಾರದ ಮಧ್ಯೆ ಬರುತ್ತೇನೆ ಅಂದರೆ ಯಾವ ಸಂಸ್ಥೆಯೂ ಬೇಡ ಅನ್ನುವುದಿಲ್ಲ.

ಕಷ್ಟ ಇರುವುದು ದೂರದಲ್ಲಿ. ಜಾಗ ಸಿಗುವುದು ಊರಾಚೆ, ಹಾಗಾಗಿ ಶೆಲ್ಟರ್‌ಗಳೂ ಊರಾಚೆ. ಜಯನಗರದಿಂದ ಯಲಹಂಕದ ಆಚೆಗೆ ಹೋಗಿ ಬರುವುದರಲ್ಲೇ ಅರ್ಧ ದಿನ ಮುಗಿಯುತ್ತದೆ. ಹೆಸರು ನೋಡಿ ಸಂಸ್ಥೆ ಆರಿಸಬೇಡಿ. ಹೋಗಿ ಬರಲು ಆಗುವುದನ್ನು ಆರಿಸಿ. ದೂರ ಜಾಸ್ತಿ ಆದರೆ ಎರಡನೇ ತಿಂಗಳಿಗೇ ನಿಂತುಹೋಗುತ್ತದೆ.

ಇನ್ನೊಂದು ವಿಷಯವನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ನಾಯಿಗಳ ಜೊತೆ ಕೆಲಸ ಮಾಡುವವರು ಮೊದಲೇ ರೇಬೀಸ್ ಲಸಿಕೆ ಹಾಕಿಸಿಕೊಳ್ಳಬೇಕು. ಎಷ್ಟು ಡೋಸ್, ಯಾವ ದಿನ ಅನ್ನುವುದನ್ನು ವೈದ್ಯರು ಹೇಳುತ್ತಾರೆ. ಹಾಕಿಸಿಕೊಂಡವರಿಗೆ ಆಮೇಲೆ ಕಡಿತವಾದರೆ ಎರಡು ಡೋಸ್ ಸಾಕು, ಅಂದೇ ಒಂದು, ಮೂರನೇ ದಿನ ಇನ್ನೊಂದು. ಮೊದಲೇ ಹಾಕಿಸಿಕೊಳ್ಳದವರಿಗೆ ಇದಕ್ಕಿಂತ ಜಾಸ್ತಿ ಡೋಸ್ ಬೇಕು, ಚರ್ಮ ಹರಿದು ರಕ್ತ ಬಂದಿದ್ದರೆ ಇಮ್ಯುನೊಗ್ಲಾಬ್ಯುಲಿನ್ ಅನ್ನುವ ಇನ್ನೊಂದು ಚುಚ್ಚುಮದ್ದೂ ಬೇಕು. ಯಾರಿಗೇ ಆಗಲಿ, ಕಚ್ಚಿದ ಕೂಡಲೇ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ಗಾಯ ತೊಳೆಯಬೇಕು. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣ, ಖಾರದ ಪುಡಿ ಏನೂ ಹಚ್ಚಬಾರದು. ಕಚ್ಚಿದ್ದು ಪುಟ್ಟ ಮರಿ ಆದರೂ ಇದೇ ಮಾತು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೇ ಇಲ್ಲ ಅನ್ನಬಹುದು.

ಫಾಸ್ಟರ್: ಎಲ್ಲವೂ ಒಂದೇ ಅಲ್ಲ

"ಫಾಸ್ಟರ್ ಮಾಡುತ್ತೇನೆ" ಅಂದರೆ ಸಾಲದು. ಯಾವ ನಾಯಿಯನ್ನು ಅನ್ನುವುದರ ಮೇಲೆ ಕೆಲಸವೇ ಬೇರೆ ಬೇರೆ.

ಕಣ್ಣು ಬಿಡದ ಮರಿಗಳನ್ನು ಮೊದಲ ಸಲದವರು ತೆಗೆದುಕೊಳ್ಳಬೇಡಿ. ಕಣ್ಣು ತೆರೆಯಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಅಲ್ಲಿಯವರೆಗೆ ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಸೇರಿ, ಹಾಲು ಕುಡಿಸಬೇಕು. ಹಸುವಿನ ಹಾಲು ಹೊಂದುವುದಿಲ್ಲ, ಭೇದಿ ಆಗುತ್ತದೆ. ಮರಿಗಳಿಗೆಂದೇ ಬರುವ ಹಾಲಿನ ಪುಡಿ ಬೇಕು. ಅವುಗಳ ಮೈ ತಾನಾಗಿ ಬಿಸಿ ಹಿಡಿದುಕೊಳ್ಳುವುದಿಲ್ಲ, ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಡಬೇಕು. ತಾಯಿ ನೆಕ್ಕುವ ಹಾಗೆ ಒದ್ದೆ ಹತ್ತಿಯಿಂದ ಒರೆಸಿದರೆ ಮಾತ್ರ ಉಚ್ಚೆ, ಕಕ್ಕ ಮಾಡುತ್ತವೆ. ಇಷ್ಟೆಲ್ಲ ಮಾಡಿದರೂ ಕೆಲವು ಉಳಿಯುವುದಿಲ್ಲ. ಮನೆಯಲ್ಲಿ ಇಬ್ಬರು ಸರದಿ ಮೇಲೆ ಎದ್ದೇಳುವ ಹಾಗಿದ್ದರೆ, ಅನುಭವ ಇದ್ದವರು ಫೋನಿನಲ್ಲಿ ಸಿಗುವ ಹಾಗಿದ್ದರೆ ಮಾತ್ರ ಇದಕ್ಕೆ ಕೈಹಾಕಿ.

ಇದರ ಜೊತೆಗೇ ಒಂದು ಮಾತು. ಖಾಲಿ ಸೈಟಿನಲ್ಲಿ ಮರಿಗಳು ಮಾತ್ರ ಕಂಡವು ಅಂದಕೂಡಲೇ ಎತ್ತಿಕೊಂಡು ಬರಬೇಡಿ. ತಾಯಿ ಊಟ ಹುಡುಕಲು ಹೋಗಿರಬಹುದು. ದೂರದಲ್ಲಿ ನಿಂತು ಕೆಲವು ಗಂಟೆ ನೋಡಿ, ಅಕ್ಕಪಕ್ಕದ ಅಂಗಡಿಯವರನ್ನು ಕೇಳಿ. ತಾಯಿ ಇದ್ದರೆ ಅದಕ್ಕೆ ಊಟ ಹಾಕುವುದೇ ಮರಿಗಳಿಗೆ ಮಾಡುವ ಸಹಾಯ. ತಾಯಿ ಹಾಲಿಗೆ ಸಮನಾದದ್ದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಒಂದೂವರೆ, ಎರಡು ತಿಂಗಳ ಮರಿಗಳಿಗೇ ಫಾಸ್ಟರ್ ಮನೆಯ ಬೆಲೆ ಎಲ್ಲಕ್ಕಿಂತ ಜಾಸ್ತಿ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ ಬೀಳುತ್ತದೆ. ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ಆಗುವವರೆಗೆ ಮುಂದಿನವು. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಇವೆಲ್ಲ ಮುಗಿಯುವವರೆಗೆ ಮರಿಗೆ ಪೂರ್ತಿ ರಕ್ಷಣೆ ಇರುವುದಿಲ್ಲ. ಶೆಲ್ಟರ್ ಎಷ್ಟೇ ಚೊಕ್ಕಟವಾಗಿರಲಿ, ದಿನಾ ಕಾಯಿಲೆಯ ನಾಯಿಗಳು ಬರುವ ಜಾಗ ಅದು. ವಾಂತಿ, ಭೇದಿ ತಂದು ಮರಿಗಳ ಜೀವ ತೆಗೆಯುವ ಪರ್ವೋ ವೈರಸ್ ನೆಲದ ಮೇಲೆ, ಚಪ್ಪಲಿಯಲ್ಲಿ, ಬಟ್ಟೆಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಡಿಸ್ಟೆಂಪರ್ ಅನ್ನುವ ಇನ್ನೊಂದು ವೈರಸ್ ಕಾಯಿಲೆ ಒಂದು ಸೀನಿನಿಂದಲೇ ಹರಡಬಹುದು. ಒಂದು ಮರಿಗೆ ತಗುಲಿದರೆ ಆ ಕೋಣೆಯ ಅಷ್ಟೂ ಮರಿಗಳಿಗೆ ಅಪಾಯ. ಇಂಥ ಹೊತ್ತಿನಲ್ಲಿ ಯಾರದೋ ಮನೆಯ ಯುಟಿಲಿಟಿ, ಒಂದು ಬಾತ್‌ರೂಮು, ಜಾಲರಿ ಹಾಕಿದ ಬಾಲ್ಕನಿ ಒಂದು ಜೀವ ಉಳಿಸುತ್ತದೆ.

ತಂದ ಮರಿಯನ್ನು ಮೊದಲ ಎರಡು ವಾರ ಬೇರೆ ನಾಯಿಗಳಿಂದ ದೂರ ಇಡಿ. ಹೊರಗಿನಿಂದ ಚೆನ್ನಾಗಿ ಕಾಣುವ ಮರಿಯ ಮೈಯಲ್ಲೂ ಕಾಯಿಲೆ ಹೊಂಚು ಹಾಕಿರಬಹುದು. ವಾಂತಿ, ರಕ್ತ ಬೆರೆತ ಗಬ್ಬುನಾತದ ಭೇದಿ, ಊಟ ಬಿಟ್ಟು ಮಂಕಾಗುವುದು ಕಂಡರೆ ನಾಳೆ ನೋಡೋಣ ಅನ್ನಬೇಡಿ. ಪರ್ವೋ ಆದರೆ ಗಂಟೆಗಳ ಲೆಕ್ಕ. ನೆಲ ಒರೆಸಲು ಫಿನಾಯಿಲ್ ಸಾಲುವುದಿಲ್ಲ. ಮೊದಲು ಗಲೀಜು ತೆಗೆದು, ಮೂವತ್ತು ಪಾಲು ನೀರಿಗೆ ಒಂದು ಪಾಲು ಬ್ಲೀಚ್ ಬೆರೆಸಿ, ಹತ್ತು ನಿಮಿಷ ಬಿಟ್ಟು ತೊಳೆಯಿರಿ. ನಿಮ್ಮ ಮನೆಯಲ್ಲಿ ಈಚೆಗೆ ಪರ್ವೋ ಆದ ನಾಯಿ ಇತ್ತು ಅಂದರೆ ಲಸಿಕೆ ಆಗದ ಮರಿಯನ್ನು ತರಲೇಬೇಡಿ. ಲಸಿಕೆ ಪೂರ್ತಿ ಆದ ದೊಡ್ಡ ನಾಯಿಯನ್ನು ಕೇಳಿ ಪಡೆಯಿರಿ.

ಮರಿಯನ್ನು ರಸ್ತೆಗೆ ಇಳಿಸಬಾರದು ಅಂದರೆ ಲೋಕವನ್ನೇ ತೋರಿಸಬಾರದು ಅಂತ ಅಲ್ಲ. ಮೂರರಿಂದ ಹದಿನಾಲ್ಕು ವಾರದ ಒಳಗೆ ಕಂಡದ್ದು, ಕೇಳಿದ್ದು ಮರಿಯ ಮನಸ್ಸಿನಲ್ಲಿ ಕೂರುತ್ತದೆ. ಎತ್ತಿಕೊಂಡು ಗೇಟಿನ ತನಕ ಹೋಗಿ. ಕುಕ್ಕರ್ ಸೀಟಿ, ಮಿಕ್ಸಿ, ಕಾಲಿಂಗ್ ಬೆಲ್, ಆಟೋ ಹಾರ್ನ್, ಹೆಲ್ಮೆಟ್ ಹಾಕಿದವರು, ಊರುಗೋಲು ಹಿಡಿದ ಅಜ್ಜ, ಓಡಾಡುವ ಮಕ್ಕಳು, ಎಲ್ಲವನ್ನೂ ನಿಧಾನಕ್ಕೆ ಪರಿಚಯ ಮಾಡಿಸಿ. ಇದನ್ನು ಯಾವ ಕೆನೆಲ್‌ನಲ್ಲೂ ಕಲಿಸಲು ಆಗುವುದಿಲ್ಲ. ಮನೆಯಲ್ಲಿ ಹೀಗೆ ಬೆಳೆದ ಮರಿ ಹೊಸ ಮನೆಯಲ್ಲಿ ಮಿಕ್ಸಿ ಸದ್ದಿಗೆ ಹೆದರಿ ಮಂಚದಡಿ ಸೇರುವುದಿಲ್ಲ. ಅಲ್ಲೂ ಇಲ್ಲೂ ಗಲೀಜು ಮಾಡಿ ಒಂದು ವಾರಕ್ಕೆ ವಾಪಸ್ ಬರುವುದೂ ಕಡಿಮೆ.

ಆಪರೇಷನ್ ಆದ, ಕಾಲು ಮುರಿದ ದೊಡ್ಡ ನಾಯಿಯನ್ನು ನೋಡಿಕೊಳ್ಳುವುದು ಹಲವರು ಅಂದುಕೊಂಡಷ್ಟು ಕಷ್ಟ ಅಲ್ಲ. ದಿನದ ಬಹುಪಾಲು ಅದು ಮಲಗಿರುತ್ತದೆ. ಹೊತ್ತಿಗೆ ಸರಿಯಾಗಿ ಮಾತ್ರೆ, ಗಾಯ ನೆಕ್ಕದ ಹಾಗೆ ಕುತ್ತಿಗೆಗೆ ಕಾಲರ್, ಜಾರದ ನೆಲ, ಇಷ್ಟು ಬೇಕು. ಆಫೀಸಿಗೆ ಹೋಗಿ ಬರುವವರಿಗೆ ಪುಟ್ಟ ಮರಿಗಿಂತ ಇದೇ ಹೊಂದುತ್ತದೆ. ಹೊಲಿಗೆ ಬಿಚ್ಚಲು ಸಾಮಾನ್ಯವಾಗಿ ಹತ್ತರಿಂದ ಹದಿನಾಲ್ಕು ದಿನ, ಹಾಗಾಗಿ ಎಷ್ಟು ದಿನದ ಕೆಲಸ ಅನ್ನುವುದೂ ಮೊದಲೇ ಗೊತ್ತಿರುತ್ತದೆ. ಬೀದಿ ನಾಯಿಗಳ ಜನನಾಂಗದಲ್ಲಿ ಬರುವ ಟಿವಿಟಿ ಅನ್ನುವ ಗಡ್ಡೆಗೆ ವಾರಕ್ಕೊಂದು ಇಂಜೆಕ್ಷನ್‌ನಂತೆ ಕೆಲವು ವಾರ ಕೊಡುತ್ತಾರೆ. ಬಹುಪಾಲು ನಾಯಿಗಳು ಪೂರ್ತಿ ವಾಸಿಯಾಗುತ್ತವೆ. ಅದು ಕ್ಯಾನ್ಸರ್ ಮದ್ದು, ಆದ್ದರಿಂದ ಇಂಜೆಕ್ಷನ್ ಆದ ಕೆಲವು ದಿನ ಅದರ ಉಚ್ಚೆ, ಕಕ್ಕ ತೆಗೆಯುವಾಗ ಗ್ಲೌಸ್ ಹಾಕಿಕೊಳ್ಳಿ. ಮನೆಯಲ್ಲಿ ಬಸುರಿ ಹೆಂಗಸರಿದ್ದರೆ ಈ ನಾಯಿ ಬೇಡ.

ಕಜ್ಜಿ ನಾಯಿ ಅಂದಕೂಡಲೇ ಜನ ಹಿಂದೆ ಸರಿಯುತ್ತಾರೆ. ಕಜ್ಜಿಯಲ್ಲಿ ಎರಡು ಬಗೆ. ಡೆಮೊಡೆಕ್ಸ್ ಹುಳದಿಂದ ಆಗುವುದು ಮನುಷ್ಯರಿಗೆ ಅಂಟುವುದಿಲ್ಲ. ಸಾರ್ಕಾಪ್ಟಿಸ್‌ನಿಂದ ಆಗುವುದು ಅಂಟಿ ಸ್ವಲ್ಪ ದಿನ ತುರಿಕೆ ಕೊಡುತ್ತದೆ. ಯಾವುದು ಅಂತ ಚರ್ಮ ಕೆರೆದು ನೋಡಿ ವೈದ್ಯರು ಹೇಳುತ್ತಾರೆ. ಕೇಳಿ ತಿಳಿದುಕೊಂಡೇ ನಿರ್ಧಾರ ಮಾಡಿ. ಕೂದಲು ಉದುರಿ ಬರೀ ಚರ್ಮ ಆಗಿದ್ದ ನಾಯಿ ಎರಡು ಮೂರು ತಿಂಗಳಲ್ಲಿ ಮೈತುಂಬ ಕೂದಲು ಬೆಳೆಸಿಕೊಂಡು ಓಡಾಡುವುದನ್ನು ನೋಡುವ ಸಂತೋಷ ದೊಡ್ಡದು.

ಬಿಟ್ಟುಹೋದ ಜಾತಿ ನಾಯಿಗಳ ಕಥೆ ಬೇರೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಹಸ್ಕಿ, ರಾಟ್‌ವೀಲರ್. ಮನೆ, ಸೋಫಾ, ಜನ ಎಲ್ಲವೂ ಗೊತ್ತಿದ್ದು ಒಂದು ದಿನ ಇದ್ದಕ್ಕಿದ್ದಂತೆ ಕಳೆದುಕೊಂಡವು. ಕೆನೆಲ್‌ನಲ್ಲಿ ಗೇಟ್ ಕಡೆಗೇ ನೋಡುತ್ತಾ ಕೂರುತ್ತವೆ. ಇವಕ್ಕೆ ಮನೆ ಸಿಕ್ಕರೆ ಬೇಗ ಚೇತರಿಸಿಕೊಳ್ಳುತ್ತವೆ. ಆದರೆ ಒಂಟಿಯಾಗಿ ಬಿಟ್ಟರೆ ಅಳುತ್ತವೆ, ಬೊಗಳುತ್ತವೆ, ಹಾಗಾಗಿ ಮನೆಯಲ್ಲಿ ಸದಾ ಯಾರಾದರೂ ಇರುವವರಿಗೆ ಇವು ಸರಿ. ಕೊಡುವ ಮುಂಚೆ ಸಂತಾನಹರಣ ಆಪರೇಷನ್ ಆಗಿರಲೇಬೇಕು. "ಒಂದು ಸಲ ಮರಿ ಹಾಕಿಸಿ ಆಮೇಲೆ ಮಾಡಿಸುತ್ತೇವೆ" ಅನ್ನುವವರಿಗೆ ಇವುಗಳನ್ನು ಕೊಡಬಾರದು.

ಮುದಿ ನಾಯಿಗಳನ್ನು ಕೇಳಿಕೊಂಡು ಬರುವವರು ತೀರಾ ಕಡಿಮೆ. ಮೆತ್ತನೆ ಹಾಸಿಗೆ, ಹೊತ್ತಿಗೆ ಊಟ, ಬಿಸಿಲಿನಲ್ಲಿ ಒಂದಿಷ್ಟು ಹೊತ್ತು. ನಿವೃತ್ತ ದಂಪತಿಗೆ ಇದಕ್ಕಿಂತ ಒಳ್ಳೆಯ ಜೋಡಿ ನನಗೆ ತೋಚುವುದಿಲ್ಲ.

ನಿಮ್ಮ ಮನೆಯನ್ನು ನೋಡಿಕೊಳ್ಳಿ

ಬಾಡಿಗೆ ಮನೆ ಆದರೆ ಓನರ್ ಒಪ್ಪಿಗೆಯನ್ನು ವಾಟ್ಸಾಪಿನಲ್ಲಾದರೂ ಬರೆಸಿಕೊಳ್ಳಿ. ಅಪಾರ್ಟ್‌ಮೆಂಟ್ ಸಂಘಗಳು ಸಾಕು ನಾಯಿಗಳನ್ನು ನಿಷೇಧಿಸುವ ಹಾಗಿಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಹೇಳಿದೆ. ಆದರೂ ಜಗಳ ಮಾಡಿಕೊಂಡು ಶುರು ಮಾಡಬೇಡಿ. ಎದುರು ಮನೆಯವರಿಗೆ ಮೊದಲೇ ಹೇಳಿ: ಇಂಥ ದಿನದಿಂದ ಇಂಥ ದಿನದವರೆಗೆ ಒಂದು ಮರಿ ಇರುತ್ತದೆ, ಮೊದಲ ಎರಡು ರಾತ್ರಿ ಅಳಬಹುದು ಅಂತ. ಮುಂಚೆ ಹೇಳಿದರೆ ಜನ ಸಹಿಸಿಕೊಳ್ಳುತ್ತಾರೆ.

ಮನೆಯವರೆಲ್ಲ ಒಪ್ಪಿರಬೇಕು. ಅತ್ತೆಗೆ ಇಷ್ಟ ಇಲ್ಲ, ಹೇಗೋ ಒಪ್ಪಿಸುತ್ತೇನೆ ಅನ್ನುವ ಮನೆಗೆ ನಾಯಿ ಬಂದರೆ ಇಬ್ಬರಿಗೂ ಕಷ್ಟ, ನಾಯಿಗೂ ಕಷ್ಟ. ದೇವರ ಮನೆ, ಅಡುಗೆ ಮನೆ ಕಡೆ ಬರಬಾರದು ಅನ್ನುವವರಿದ್ದರೆ ಅದರಲ್ಲಿ ತಪ್ಪೇನಿಲ್ಲ, ಒಂದು ಅಡ್ಡಗೇಟು ಹಾಕಿದರೆ ಆಯಿತು. ಊಟದ ವಿಷಯವೂ ಹಾಗೇ. ಸಸ್ಯಾಹಾರಿ ಮನೆಗಳಲ್ಲಿ ಬರೀ ಮೊಸರನ್ನ, ಹಾಲನ್ನ ಹಾಕುತ್ತಾರೆ. ಬೆಳೆಯುವ ಮರಿಗೆ, ಗಾಯ ಆದ ನಾಯಿಗೆ ಅದು ಸಾಲುವುದಿಲ್ಲ. ಮಾಂಸ, ಮೊಟ್ಟೆ ಬೇಯಿಸಲು ಆಗದಿದ್ದರೆ ಅಂಗಡಿಯ ಒಣ ಕಾಳಿನ ಆಹಾರ ಹಾಕಿ, ಮನೆಯೊಳಗೆ ಒಲೆ ಹಚ್ಚುವ ಪ್ರಶ್ನೆಯೇ ಬರುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟ್ ಎಲ್ಲಾ ನಾಯಿಗೂ ವಿಷ. ಮೈ ಬಿಸಿಯಾಗಿದೆ ಅಂತ ನಮ್ಮ ಪ್ಯಾರಾಸಿಟಮಾಲ್ ಕೊಡುವುದೂ ಅಪಾಯ.

ಮನೆಯಲ್ಲಿ ಆಗಲೇ ನಾಯಿ ಇದ್ದರೆ ಅದರ ಲಸಿಕೆ ಪೂರ್ತಿ ಆಗಿರಬೇಕು, ಹೊಸದನ್ನು ಇಡಲು ಬಾಗಿಲು ಹಾಕುವ ಬೇರೆ ಕೋಣೆ ಬೇಕು. ಇಲ್ಲದಿದ್ದರೆ ಶೆಲ್ಟರ್ ಕೆಲಸವೇ ಸರಿ. ಅಲ್ಲಿಂದ ಬಂದ ಕೂಡಲೇ ಚಪ್ಪಲಿ ಹೊರಗೆ ಬಿಟ್ಟು, ಬಟ್ಟೆ ಬದಲಿಸಿ, ಆಮೇಲೆ ನಿಮ್ಮ ನಾಯಿಯನ್ನು ಮುಟ್ಟಿ.

ದೀಪಾವಳಿ ವಾರ ಮೊದಲ ಸಲದವರು ಶುರು ಮಾಡಬೇಡಿ. ಪಟಾಕಿಗೆ ಹೆದರಿದ ನಾಯಿ ಬಾಗಿಲು ತೆರೆದ ಕ್ಷಣ ಓಡಿಹೋಗುತ್ತದೆ, ನಿಮ್ಮ ಮನೆ ಅದಕ್ಕೆ ಇನ್ನೂ ಹೊಸದು, ತಿರುಗಿ ಬರುವ ದಾರಿ ಗೊತ್ತಿರುವುದಿಲ್ಲ. ಅನುಭವ ಇರುವವರ ಮನೆ ಗದ್ದಲವಿಲ್ಲದ ಬಡಾವಣೆಯಲ್ಲಿದ್ದರೆ ಆ ವಾರವೇ ಅವರ ಅಗತ್ಯ ಜಾಸ್ತಿ.

ದುಡ್ಡಿನ ಮಾತು, ಸಂಸ್ಥೆಯ ಮಾತು

ಮದ್ದು, ಲಸಿಕೆ, ಆಪರೇಷನ್ ಖರ್ಚನ್ನು ಸಾಮಾನ್ಯವಾಗಿ ಸಂಸ್ಥೆ ನೋಡಿಕೊಳ್ಳುತ್ತದೆ, ಊಟ ಮತ್ತು ಜಾಗ ನಿಮ್ಮದು. ಎಲ್ಲ ಕಡೆ ಹೀಗೇ ಇರುವುದಿಲ್ಲ, ಬಾಯಿಬಿಟ್ಟು ಕೇಳಬೇಕು. ಸಂಕೋಚ ಬೇಡ. ರಾತ್ರಿ ಹನ್ನೊಂದಕ್ಕೆ ಮರಿ ವಾಂತಿ ಮಾಡಿದರೆ ಯಾರಿಗೆ ಫೋನ್ ಮಾಡಬೇಕು? ಯಾವ ಆಸ್ಪತ್ರೆ? ನನ್ನಿಂದ ಮುಂದುವರಿಸಲು ಆಗದಿದ್ದರೆ ಎಷ್ಟು ದಿನದಲ್ಲಿ ವಾಪಸ್ ತೆಗೆದುಕೊಳ್ಳುತ್ತೀರಿ? ಬರವಣಿಗೆಯಲ್ಲಿ ಒಪ್ಪಂದ ಇದೆಯೇ? ಇದಕ್ಕೆ ನೇರ ಉತ್ತರ ಕೊಡದ ಗುಂಪಿನಿಂದ ನಾಯಿ ತರಬೇಡಿ. ಫೋಟೋ ಹಾಕಿ, "ಇವತ್ತೇ ಯಾರಾದರೂ ತೆಗೆದುಕೊಳ್ಳದಿದ್ದರೆ ಸಾಯುತ್ತದೆ" ಅಂತ ಬರೆದು, ಯಾರೋ ಒಪ್ಪಿದ ಮೇಲೆ ಫೋನ್ ಎತ್ತದವರೂ ಇದ್ದಾರೆ. ಅಂಥವರ ಮಾತು ನಂಬಿ ಗಾಯದ ನಾಯಿಯನ್ನು ಮನೆಗೆ ತಂದು, ಇರುವ ದುಡ್ಡೆಲ್ಲ ಆಸ್ಪತ್ರೆಗೆ ಸುರಿದು, ಇನ್ನೆಂದೂ ಈ ಕೆಲಸ ಬೇಡ ಅಂದ ಒಳ್ಳೆಯ ಮನಸ್ಸಿನವರನ್ನು ನಾನು ನೋಡಿದ್ದೇನೆ. ಅದು ನನಗೆ ತುಂಬಾ ನೋವು ಕೊಡುವ ವಿಷಯ.

ಬೆಂಗಳೂರಿನಲ್ಲಿ 1991ರಲ್ಲಿ ಶುರುವಾದ ಕ್ಯೂಪಾ, 2013ರಲ್ಲಿ ಶುರುವಾದ ಚಾರ್ಲೀಸ್ ಅನಿಮಲ್ ರೆಸ್ಕ್ಯೂ ಸೆಂಟರ್, ಮಂಗಳೂರಿನ ಅನಿಮಲ್ ಕೇರ್ ಟ್ರಸ್ಟ್, ಮೈಸೂರಿನ ಪೀಪಲ್ ಫಾರ್ ಅನಿಮಲ್ಸ್ ಬಹಳ ವರ್ಷಗಳಿಂದ ಕೆಲಸ ಮಾಡುತ್ತಿವೆ. ಬೆಂಗಳೂರಿನ ಕೆಂಗೇರಿ ಕಡೆಯ ಪೀಪಲ್ ಫಾರ್ ಅನಿಮಲ್ಸ್ ನೋಡಿಕೊಳ್ಳುವುದು ಕಾಡುಪ್ರಾಣಿ, ಹಕ್ಕಿ, ಹಾವುಗಳನ್ನು. ನಾಯಿಗೋಸ್ಕರ ಅಲ್ಲಿಗೆ ಫೋನ್ ಮಾಡಿ ಅವರ ಸಮಯ ತೆಗೆಯಬೇಡಿ. ಖರ್ಚು ಕಡಿಮೆ ಆಗಬೇಕು ಅಂದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಕ್ವೀನ್ಸ್ ರಸ್ತೆಯ ಸರ್ಕಾರಿ ಪಶು ಆಸ್ಪತ್ರೆ ಇವೆ. ಬೆಳಿಗ್ಗೆ ಬೇಗ ಹೋಗಬೇಕು, ಸಾಲು ಉದ್ದ ಇರುತ್ತದೆ.

ಬಿಟ್ಟುಕೊಡುವುದು

ಫಾಸ್ಟರ್ ಬೇಡ ಅನ್ನುವವರು ಕೊಡುವ ಕಾರಣ ಸಾಮಾನ್ಯವಾಗಿ ಒಂದೇ: "ಆಮೇಲೆ ಕಳಿಸಲು ನನ್ನಿಂದ ಆಗಲ್ಲ." ಕಳಿಸುವ ದಿನ ಅಳು ಬರುತ್ತದೆ, ನಿಜ. ಆದರೆ ಆ ಮರಿಗೆ ಸ್ವಂತ ಮನೆ ಸಿಕ್ಕಿತು, ನಮ್ಮ ಬಾತ್‌ರೂಮು ಇನ್ನೊಂದಕ್ಕೆ ಖಾಲಿಯಾಯಿತು. ಬಂದ ಮೊದಲ ಮರಿಯನ್ನೇ ಇಟ್ಟುಕೊಂಡವರೂ ಬಹಳ ಜನ. ಅದು ತಪ್ಪಲ್ಲ, ಆ ನಾಯಿಗೆ ಒಳ್ಳೆಯದೇ ಆಯಿತು. ಆದರೆ ಇಟ್ಟುಕೊಳ್ಳುವ ಮುಂಚೆ ಹತ್ತು ಹನ್ನೆರಡು ವರ್ಷದ ಲೆಕ್ಕ ಹಾಕಬೇಕು. ಮದುವೆ, ಬೇರೆ ಊರಿನ ಕೆಲಸ, ವಿದೇಶ ಪ್ರಯಾಣ ಮುಂದೆ ಇದ್ದರೆ ಫಾಸ್ಟರ್ ಮಾಡಿ ಬಿಟ್ಟುಕೊಡುವುದೇ ಪ್ರಾಮಾಣಿಕ ದಾರಿ.

ಹೊಸ ಮನೆ ಆರಿಸುವಾಗ ನಿಮ್ಮ ಮಾತಿಗೆ ತೂಕ ಇರಬೇಕು, ಯಾಕಂದರೆ ಆ ನಾಯಿಯ ಗುಣ ನಿಮಗೆ ಗೊತ್ತಿರುವಷ್ಟು ಸಂಸ್ಥೆಗೂ ಗೊತ್ತಿಲ್ಲ. ಕಟ್ಟಡ ಕೆಲಸದ ಜಾಗ ಕಾಯಲು, ತೋಟದ ಗೇಟಿಗೆ ಕಟ್ಟಿಹಾಕಲು ಕೇಳುವವರಿಗೆ ಬೇಡ ಅನ್ನಿ. ಮಗುವಿನ ಹುಟ್ಟುಹಬ್ಬಕ್ಕೆ ಉಡುಗೊರೆ ಅಂದರೂ ಬೇಡ. ಹೆಣ್ಣು ಮರಿಗಳನ್ನು ಕೇಳುವವರು ಕಡಿಮೆ. "ಗಂಡು ಇದ್ದರೆ ಹೇಳಿ" ಅಂತ ಫೋನ್ ಇಡುತ್ತಾರೆ. ಆಪರೇಷನ್ ಮಾಡಿಸಿದರೆ ಗಂಡಿಗೂ ಹೆಣ್ಣಿಗೂ ಸಾಕುವುದರಲ್ಲಿ ವ್ಯತ್ಯಾಸ ಇಲ್ಲ ಅಂತ ತಾಳ್ಮೆಯಿಂದ ಹೇಳಬೇಕು, ಹೇಳಿದರೆ ಕೆಲವರು ಒಪ್ಪುತ್ತಾರೆ.

ಎರಡೂ ಆಗದಿದ್ದರೆ

ಕಾರು ಇದ್ದವರು ನಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯಬಹುದು. ಅಡಾಪ್ಟ್ ಮಾಡಲು ಬಂದವರ ಮನೆ ನೋಡಿ ಬರಬಹುದು. ನಿಮ್ಮ ಬೀದಿಯ ನಾಯಿಗಳಿಗೆ ಲಸಿಕೆ, ಆಪರೇಷನ್ ಮಾಡಿಸಲು ಬೆಂಗಳೂರಿನಲ್ಲಾದರೆ ಪಾಲಿಕೆಯ 1533 ಸಂಖ್ಯೆಗೆ ಫೋನ್ ಮಾಡಿ, ಹಿಡಿಯಲು ಬಂದಾಗ ಜೊತೆಗೆ ನಿಂತು, ಮತ್ತೆ ಅದೇ ಬೀದಿಗೆ ಬಿಟ್ಟರೋ ಇಲ್ಲವೋ ನೋಡುವುದು ಎಲ್ಲಕ್ಕಿಂತ ಹೆಚ್ಚು ನಾಯಿಗಳಿಗೆ ತಲುಪುವ ಕೆಲಸ.

ಕನ್ನಡ ಚೆನ್ನಾಗಿ ಬರುವವರಿಗೆ ಇಲ್ಲಿ ವಿಶೇಷವಾದ ಜಾಗ ಇದೆ. ಬೆಂಗಳೂರಿನ ಅಡಾಪ್ಷನ್ ಪೋಸ್ಟ್‌ಗಳು ಹೆಚ್ಚಾಗಿ ಇಂಗ್ಲಿಷಿನಲ್ಲೇ ಇರುತ್ತವೆ. ಅಂಗಳ ಇರುವ, ನಾಯಿ ಸಾಕಿ ಗೊತ್ತಿರುವ ತುಮಕೂರು, ಮಂಡ್ಯ, ರಾಮನಗರದ ಮನೆಗಳಿಗೆ ಅವು ಮುಟ್ಟುವುದೇ ಇಲ್ಲ. ನಾಲ್ಕು ಸಾಲು ಕನ್ನಡದಲ್ಲಿ ಬರೆದು, ಕಿಟಕಿ ಬೆಳಕಿನಲ್ಲಿ ನಾಯಿಯ ಕಣ್ಣಿನ ಎತ್ತರಕ್ಕೆ ಕೂತು ಒಂದು ಫೋಟೋ ತೆಗೆದು ಹಾಕಿ, ಬರುವ ಕರೆಗಳೇ ಬೇರೆ. ಊಟ ಹಾಕುವ ವಿಷಯಕ್ಕೆ ಬೀದಿಯಲ್ಲಿ ಜಗಳ ಎದ್ದಾಗ ಎದುರು ಮನೆಯ ಅಜ್ಜಿಯ ಹತ್ತಿರ, ವಾಚ್‌ಮನ್ ಹತ್ತಿರ ಕೂತು ಅವರ ಭಾಷೆಯಲ್ಲೇ ಮಾತಾಡಿ ಒಪ್ಪಿಸುವವರು ಪ್ರತಿ ಸಂಸ್ಥೆಗೂ ಬೇಕು.

ನಾನಾದರೆ ಹೊಸಬರಿಗೆ ಮೊದಲು ಒಂದೆರಡು ತಿಂಗಳು ಶೆಲ್ಟರ್‌ಗೆ ಹೋಗಿ ಅನ್ನುತ್ತೇನೆ. ನಾಯಿಯ ಕಿವಿ, ಬಾಲ, ತುಟಿ ಏನು ಹೇಳುತ್ತಿವೆ ಅನ್ನುವುದು ಅಲ್ಲಿ ಕಣ್ಣಿಗೆ ಬೀಳುತ್ತದೆ. ಆಮೇಲೆ ಊರಿಗೆ ಹೋಗುವ ಬೇರೆ ಫಾಸ್ಟರ್ ಒಬ್ಬರ ನಾಯಿಯನ್ನು ಒಂದು ವಾರ ನೋಡಿಕೊಳ್ಳಿ. ಮನೆಯವರಿಗೂ ನಿಮಗೂ ಅದು ಹೊಂದಿತೋ ಇಲ್ಲವೋ ಗೊತ್ತಾಗುತ್ತದೆ. ಅದಾದ ಮೇಲೆ ಸಂಸ್ಥೆಗೆ ಫೋನ್ ಮಾಡಿ. ಎಷ್ಟು ದಿನ ಇಟ್ಟುಕೊಳ್ಳಲು ಆಗುತ್ತದೆ, ಹಗಲು ಮನೆಯಲ್ಲಿ ಯಾರಿರುತ್ತಾರೆ, ಎಷ್ಟನೇ ಮಹಡಿ, ಲಿಫ್ಟ್ ಇದೆಯಾ, ಬಾಲ್ಕನಿಗೆ ಜಾಲರಿ ಇದೆಯಾ, ಮಕ್ಕಳ ವಯಸ್ಸು ಎಷ್ಟು, ಎಲ್ಲವನ್ನೂ ಇದ್ದ ಹಾಗೆ ಹೇಳಿ. ಮನೆಯಲ್ಲಿ ಬೆಕ್ಕಿದ್ದರೆ ಅದನ್ನೂ ಮರೆಯದೆ ಹೇಳಿ.